ಆಟದ ಅಂಕ, ದೇಹದ ಲೆಕ್ಕ

ಓಡಾಟ, ಉಸಿರಾಟ, ಒದ್ದಾಟ, ಪರದಾಟ: ಕನ್ನಡದಲ್ಲಿ ಬದುಕಿನ ಅರ್ಧ ಕೆಲಸಗಳ ಹೆಸರಿನಲ್ಲಿ ಆಟ ಸೇರಿಕೊಂಡಿದೆ. ಕೈಕಾಲು ಆಡುತ್ತಿದ್ದರೆ ಸಾಕು ಎನ್ನುತ್ತಾರೆ ಹಿರಿಯರು. ಹಾಗಾದರೆ ಕೈಕಾಲು ಆಡುವುದೇ ಕಷ್ಟವಾದವರಿಗೆ ವಿಡಿಯೋ ಗೇಮನ್ನು ವ್ಯಾಯಾಮವಾಗಿ ಕೊಟ್ಟರೆ ಅದು ಆಟವೋ, ಚಿಕಿತ್ಸೆಯೋ?

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಹಾಳುಮಾಡುತ್ತದೆ. ಸಮತೋಲ ತಪ್ಪುತ್ತದೆ, ಕಾಲು ಬಿಗಿಯುತ್ತದೆ, ಸುಸ್ತು ಹೇಳದೆ ಕೇಳದೆ ಬರುತ್ತದೆ. ವ್ಯಾಯಾಮದಿಂದ ಉಪಯೋಗವಿದೆ, ಆದರೆ ದಿನಾ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಬೇಸರದ ಕೆಲಸ. 2007ರ ಕೊನೆಗೆ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ವೀ ಫಿಟ್ ಬಂತು. ಅದರ ಹಲಗೆಯ ಮೇಲೆ ನಿಂತರೆ ಮೈಭಾರ ಯಾವ ಕಡೆ ವಾಲಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಮನೆಮಂದಿಯ ಮೋಜಿಗೆ ಮಾಡಿದ ಈ ವಸ್ತುವನ್ನು ಫಿಸಿಯೋಥೆರಪಿಸ್ಟರೂ ಕೈಗೆತ್ತಿಕೊಂಡರು. ಪವಾಡವೇನೂ ಆಗಲಿಲ್ಲ. ಸ್ವೀಡನ್ನಿನಲ್ಲಿ 84 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಡಿದವರ ಸಮತೋಲ ಸುಧಾರಿಸಿತ್ತು, ಆದರೆ ಆಡದವರಿಗಿಂತ ಖಚಿತವಾಗಿ ಮೇಲು ಎನ್ನುವಷ್ಟು ಅಂತರ ಕಾಣಲಿಲ್ಲ.

ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದು ಎಂದು ತತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ವಾದಿಸಿದರು. ಕುಂಟೆಬಿಲ್ಲೆ ಆಡುವ ಹುಡುಗಿ ಎರಡು ಕಾಲಿದ್ದೂ ಒಂದನ್ನು ಎತ್ತಿಕೊಳ್ಳುತ್ತಾಳೆ. ಈ ರೋಗಿಗಳ ಅಡ್ಡಿಯನ್ನು ಅವರು ಆರಿಸಿಕೊಂಡಿಲ್ಲ. ಹಾಗಾಗಿ ಇದು ಕಹಿ ಔಷಧಿಗೆ ಬೆಲ್ಲ ಸವರಿ ಮೋಸಮಾಡಿದಂತೆ ಎಂದು ಕೆಲವರು ಆಕ್ಷೇಪಿಸಬಹುದು. ನನಗೆ ಹಾಗನಿಸುವುದಿಲ್ಲ. ಬೆಲ್ಲದೊಳಗೆ ಔಷಧಿಯಿದೆ ಎಂದು ಗೊತ್ತಿದ್ದೇ ತಿನ್ನುವವರಿಗೆ ಮೋಸವೆಲ್ಲಿ?

ನನ್ನ ತಕರಾರು ಅಂಕದ ಬಗ್ಗೆ. ಅಭ್ಯಾಸ ಮಾಡಿದಷ್ಟೂ ಅಂಕ ಏರುತ್ತದೆ ಎಂಬುದು ಪ್ರತಿ ಆಟವೂ ಕೊಡುವ ಭರವಸೆ. ಈ ಕಾಯಿಲೆ ಅದಕ್ಕೆ ಬದ್ಧವಲ್ಲ. ಸೆಖೆಗೆ, ಜ್ವರಕ್ಕೆ, ವ್ಯಾಯಾಮಕ್ಕೇ ಮೈ ಬಿಸಿಯಾದರೂ ಲಕ್ಷಣಗಳು ಸ್ವಲ್ಪ ಹೊತ್ತು ಉಲ್ಬಣಿಸುತ್ತವೆ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ ಇದನ್ನು 1890ರಲ್ಲೇ ಬರೆದಿಟ್ಟರು. ಸೋಮವಾರ ಗಳಿಸಿದ ಅಂಕ ಬುಧವಾರ ಅರ್ಧಕ್ಕಿಳಿದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಯಂತ್ರಕ್ಕೆ ಅದು ತಿಳಿಯದು. ವೀ ಫಿಟ್ ಪರೀಕ್ಷೆ ಮಾಡಿ ನಿಮ್ಮ ದೇಹಕ್ಕೊಂದು ವಯಸ್ಸನ್ನೂ ಹೇಳುತ್ತದೆ. ನಿಲ್ಲಲು ತಡವರಿಸುವ ಮೂವತ್ತರ ಹೆಣ್ಣುಮಗಳಿಗೆ ಆ ವಯಸ್ಸು ತೀರ್ಪಿನಂತೆ ಕೇಳಿಸೀತು.

ಈ ಕಾಯಿಲೆಯಿರುವ ನನ್ನ ಚಿಕ್ಕಮ್ಮನ ಮಗಳು ಒಮ್ಮೆ ಹೇಳಿದ್ದಳು: "ಅಣ್ಣ, ಸೋತೆ ಅಂತ ಟಿವಿ ಹೇಳಿದ್ರೆ ಬೇಜಾರಿಲ್ಲ. ಪಕ್ಕದಲ್ಲಿ ನಿಂತೋರು 'ಇನ್ನೂ ಸ್ವಲ್ಪ ಟ್ರೈ ಮಾಡು' ಅಂತಾರಲ್ಲ, ಅದು ಕಷ್ಟ."

ಅವಳ ಮಾತು ನ್ಯಾಯದ ಪ್ರಶ್ನೆಯನ್ನು ಯಂತ್ರದಿಂದ ನಮ್ಮ ಕಡೆಗೆ ತಿರುಗಿಸಿತು. ಪ್ರಯತ್ನಕ್ಕೂ ಫಲಕ್ಕೂ ನೇರ ನಂಟಿದೆ ಎಂದು ನಂಬುವವರು ನಾವು. ಫಲ ಕಾಣದಿದ್ದರೆ ಪ್ರಯತ್ನವನ್ನೇ ಅನುಮಾನಿಸುತ್ತೇವೆ. ಆರೋಗ್ಯವಂತರ ಈ ನಂಬಿಕೆಯನ್ನೇ ಆಟದ ಅಂಕ ಪರದೆಯ ಮೇಲೆ ಬರೆಯುತ್ತದೆ.

ಆದರೂ ನಾನು ಆಟದ ಪರ. ಆಟದಲ್ಲಿ ಸೋಲು ಅವಮಾನವಲ್ಲ, ಸಾಕೆನಿಸಿದಾಗ ಏಳಬಹುದು, ಮಕ್ಕಳ ಜೊತೆ ಸರದಿ ಹಂಚಿಕೊಳ್ಳಬಹುದು. ಔಷಧಿಯ ಚೀಟಿಯಲ್ಲಿ ಇವಕ್ಕೆ ಜಾಗವಿಲ್ಲ. ಯಾವಾಗ ನಿಲ್ಲಿಸಬೇಕು, ಅಂಕವನ್ನು ಯಾರಿಗೆ ತೋರಿಸಬೇಕು ಎಂಬುದು ಆಡುವವರ ಕೈಯಲ್ಲಿರುವವರೆಗೆ ಅದು ಆಟ. ಆ ಹಕ್ಕನ್ನು ನಾವು ಕಸಿದುಕೊಂಡ ದಿನ ಅದು ಇನ್ನೊಂದು ಪರೀಕ್ಷೆಯಾಗುತ್ತದೆ. ಪರೀಕ್ಷೆಗಳು ಅವರಿಗೆ ಆಸ್ಪತ್ರೆಯಲ್ಲೇ ಬೇಕಾದಷ್ಟಿವೆ.