ಕೇಳಲು ಬರುವ ಮೊದಲು

ಇಂಗ್ಲಿಷ್ ಮನೆಮಾತಿನವರು ಕೊರಿಯನ್ ಭಾಷೆಯಲ್ಲಿ ಕಚೇರಿ ಕೆಲಸ ಮಾಡುವಷ್ಟು ಪಳಗಬೇಕಾದರೆ ಸುಮಾರು 2200 ಗಂಟೆಗಳ ತರಗತಿ, ಅಂದರೆ 88 ವಾರ ಬೇಕು ಎನ್ನುವುದು ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಅಮೆರಿಕ ಸರ್ಕಾರದ ಸಂಸ್ಥೆಯ ಲೆಕ್ಕ. ಅದೇ ದೇಶದ ಯೂಟಾ ರಾಜ್ಯದ ಪ್ರೊವೊ ಎಂಬ ಊರಿನಲ್ಲಿ ಮಾರ್ಮನ್ ಸಭೆಯ ದೊಡ್ಡ ತರಬೇತಿ ಕೇಂದ್ರವಿದೆ. ಅಲ್ಲಿ ಇದೇ ಭಾಷೆಗೆ ಸಿಗುವುದು ಎರಡು-ಮೂರು ತಿಂಗಳು. ಅದಾದ ಮೇಲೆ ವಿಮಾನ ಹತ್ತಿಸಿಬಿಡುತ್ತಾರೆ.

ನನ್ನ ಪಿಎಚ್‌ಡಿ ಮಿಷನರಿಗಳ ಭಾಷಾಕಲಿಕೆಯ ಬಗ್ಗೆ. ಕನ್ನಡ ವಿಭಾಗದಲ್ಲಿ ಇಂಥ ವಿಷಯ ಹಿಡಿದವರು ಎಲ್ಲಿಂದ ಹೊರಡುತ್ತಾರೋ ನಾನೂ ಅಲ್ಲಿಂದಲೇ, ಕಿಟೆಲ್ ಅವರ 1894ರ ನಿಘಂಟಿನಿಂದಲೇ ಹೊರಟೆ. ಆ ನಿಘಂಟು ಕೈಗೆ ಬಂದ ಮೇಲೆ ಅದನ್ನು ಮಾಡಿದವರು ಯಾಕೆ ಬಂದಿದ್ದರು ಎಂದು ನಾವು ಯಾರೂ ಹೆಚ್ಚು ಕೇಳುವುದಿಲ್ಲ. ನಿಘಂಟು ಬರೆಯುವ ಮುಂಚಿನ ದಿನಗಳು, ಭಾಷೆ ಇನ್ನೂ ಬಾಯಿಗೆ ಕೂತಿಲ್ಲದ ದಿನಗಳು ಹೇಗಿದ್ದವು ಎಂಬುದು ಆ ಹೊತ್ತಿಗೆ ಮರೆತೇ ಹೋಗಿರುತ್ತದೆ. ಪ್ರೊವೊದಲ್ಲಿ ಆ ದಿನಗಳನ್ನು ಈಗಲೂ ನೋಡಬಹುದು ಎನ್ನುವ ಕಾರಣಕ್ಕೇ ನಾನು ಅಲ್ಲಿ ತಡೆದು ನಿಂತದ್ದು.

ಅಲ್ಲಿಗೆ ಬರುವವರು ಮಕ್ಕಳೇ. 2012ರಿಂದ ಈಚೆಗೆ ಹುಡುಗರು 18ಕ್ಕೆ ಹೊರಡಬಹುದು; ಹುಡುಗಿಯರಿಗೆ 2025ರವರೆಗೆ 19 ತುಂಬಿರಬೇಕಿತ್ತು. ಹುಡುಗರಿಗೆ ಎರಡು ವರ್ಷದ ಸೇವೆ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳವಿಲ್ಲ, ಖರ್ಚೂ ಬಹುಪಾಲು ಮನೆಯವರದೇ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಜೊತೆಗಾರನೊಬ್ಬನನ್ನು ನೇಮಿಸಿರುತ್ತಾರೆ, ಅವನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಮನೆಗೆ ಪ್ರತಿ ವಾರ ಫೋನು ಮಾಡಲು ಅನುಮತಿ ಸಿಕ್ಕಿದ್ದೇ 2019ರಲ್ಲಿ. ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ ಹೆಸರು ಹಂಗುಲ್ ಲಿಪಿಯಲ್ಲಿರುತ್ತದೆ, ಜೊತೆಗೆ ‘ಜಾಂಗ್‌ನೋ’ ಎಂಬ ಪದವಿ. ಇಂಗ್ಲಿಷಿನ ‘ಎಲ್ಡರ್’ಗೆ ಕೊರಿಯನ್ ರೂಪ ಅದು, ಹಿರಿಯ ಎಂದರ್ಥ. ಕೊರಿಯಾದ ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಜಾಂಗ್‌ನೋ ಎಂದರೆ ಸಾಮಾನ್ಯವಾಗಿ ತಲೆ ನರೆತ, ಊರು ಬಲ್ಲ ಯಜಮಾನರು. ಇಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗನ ಎದೆಯ ಮೇಲೆ ಅದೇ ಪದ. ಅವನಿಗೆ ಆ ಪದದ ತೂಕ ಗೊತ್ತಾಗುವುದು ಸೋಲ್ ಬೀದಿಯಲ್ಲಿ ಯಾರಾದರೂ ಅದನ್ನು ಓದಿ ಮುಗುಳ್ನಕ್ಕಾಗ ಇರಬೇಕು.

ನನ್ನ ತಕರಾರು ಅವಧಿ ಚಿಕ್ಕದು ಎಂಬುದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ಪ್ರೊವೊದಲ್ಲಿ ಮೊದಮೊದಲು ಕಲಿಸುವುದು ಪ್ರಾರ್ಥನೆ ಮಾಡಲು ಮತ್ತು ಸಾಕ್ಷಿ ನುಡಿಯಲು. ಆ ಸಭೆಯಲ್ಲಿ ಸಾಕ್ಷಿ ನುಡಿಯುವವರು ‘ನಂಬುತ್ತೇನೆ’ ಎನ್ನುವುದಕ್ಕಿಂತ ‘ನನಗೆ ಗೊತ್ತು’ ಎನ್ನುವುದೇ ವಾಡಿಕೆ. ಕೊರಿಯನ್‌ನಲ್ಲಿ ‘ಅಮ್ನಿದಾ’. ಅಂದರೆ ಅಂಗಡಿಯಲ್ಲಿ ಚೌಕಾಸಿ ಮಾಡಲು, ಬಸ್ಸು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಲು ಬರುವ ಮುಂಚೆಯೇ ಈ ಹುಡುಗನಿಗೆ ಲೋಕದ ಪರಮ ಸತ್ಯ ತನಗೆ ಗೊತ್ತು ಎಂದು ಹೇಳಲು ಬರುತ್ತದೆ. ‘ಅಮ್ನಿದಾ’ ಎನ್ನುವ ಪದವನ್ನು ಆ ಭಾಷೆಯವರು ಯಾವ ಯಾವ ಹೊತ್ತಿನಲ್ಲಿ ಬಳಸುತ್ತಾರೆ, ಎಲ್ಲಿ ಹಿಂಜರಿಯುತ್ತಾರೆ, ಯಾವಾಗ ಅದು ಜಂಬದಂತೆ ಕೇಳುತ್ತದೆ, ಯಾವಾಗ ಸಮಾಧಾನದಂತೆ, ಇದು ಯಾವುದೂ ಅವನಿಗೆ ತಿಳಿಯದು. ನಮ್ಮಲ್ಲೇ ನೋಡಿ. ‘ಗೊತ್ತು’, ‘ತಿಳಿದಿದೆ’, ‘ಬಲ್ಲೆ’, ‘ಅರಿತಿದ್ದೇನೆ’. ಇವು ನಾಲ್ಕರಲ್ಲಿ ಯಾವುದನ್ನು ದೇವರ ಮುಂದೆ ಇಡಬಹುದು, ಯಾವುದನ್ನು ದಿನಸಿ ಅಂಗಡಿಯಲ್ಲಿ ಇಡಬಹುದು ಎಂಬುದು ನಿಘಂಟು ನೋಡಿ ಕಲಿಯುವ ಸಂಗತಿಯಲ್ಲ.

ಹಾಗಾದರೆ ಅವನು ಸುಳ್ಳು ಹೇಳುತ್ತಿದ್ದಾನೆಯೇ? ಇಲ್ಲ. ಇಂಗ್ಲಿಷಿನಲ್ಲಿ ಅವನ ನಂಬಿಕೆ ನಿಜವೇ. ಆದರೆ ಒಂದು ಭಾಷೆಯಲ್ಲಿ ‘ನನಗೆ ಗೊತ್ತು’ ಎಂದ ಮೇಲೆ ‘ಅದು ನಿನಗೆ ಹೇಗೆ ಗೊತ್ತು?’ ಎಂದು ಅದೇ ಭಾಷೆಯಲ್ಲಿ ಬರುವ ಪ್ರಶ್ನೆಗೆ ತೆರೆದುಕೊಂಡಿರಬೇಕಾಗುತ್ತದೆ. ಆ ಪ್ರಶ್ನೆ ಅರ್ಥವೇ ಆಗದವನ ಮಾತು ಸುಳ್ಳಲ್ಲ, ಆದರೆ ಅದು ಇನ್ನೂ ಮಾತುಕತೆಯೂ ಅಲ್ಲ. ಕನ್ನಡದಲ್ಲಿ ‘ಕೇಳು’ ಎನ್ನುವ ಒಂದೇ ಧಾತು ಪ್ರಶ್ನೆ ಹಾಕುವುದಕ್ಕೂ ಆಲಿಸುವುದಕ್ಕೂ ಆಗುತ್ತದೆ. ಪಾಠದ ನಡುವೆ ಹಾಕಬೇಕಾದ ಪ್ರಶ್ನೆಗಳನ್ನು ಹುಡುಗ ಕಂಠಪಾಠ ಮಾಡಿಕೊಂಡಿರುತ್ತಾನೆ. ಕೇಳಲು ಬರುತ್ತದೆ, ಕೇಳಲು ಬರುವುದಿಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಯಾರು ತಾನೇ ಅರ್ಥ ತಿಳಿದು ಭಾಷೆ ಕಲಿಯುತ್ತಾರೆ? ನಮ್ಮ ಮನೆಗಳಲ್ಲಿ ಮಗು ಸಂಜೆ ದೀಪದ ಮುಂದೆ ಶ್ಲೋಕ ಒಪ್ಪಿಸುವುದು ಅರ್ಥ ತಿಳಿದಲ್ಲ. ಬಾಯಿಗೆ ಮೊದಲು, ಬುದ್ಧಿಗೆ ಆಮೇಲೆ ಎಂಬುದು ನಮ್ಮ ಹಳೆಯ ಕ್ರಮವೇ. ಮಾರ್ಮನ್ನರ ಹಿಂದಿನ ತಲೆಮಾರೂ ಪಾಠಗಳನ್ನು ಶಬ್ದಶಃ ಬಾಯಿಪಾಠ ಮಾಡುತ್ತಿತ್ತು. 2004ರಲ್ಲಿ ಬಂದ ಅವರ ಕೈಪಿಡಿ ಅದನ್ನು ಬಿಟ್ಟು, ಸ್ವಂತ ಮಾತಿನಲ್ಲಿ ಹೇಳಿ ಎನ್ನುತ್ತದೆ. ಕೆಲವೇ ನೂರು ಪದ ಬಲ್ಲವನ ಸ್ವಂತ ಮಾತು ಎಷ್ಟು ಸ್ವಂತ ಎಂಬುದು ಬೇರೆ ಮಾತು. ಆದರೂ ಶ್ಲೋಕ ಹೇಳುವ ಮಗು ಎದುರಿಗಿದ್ದವರ ಬದುಕನ್ನು ಬದಲಿಸಲು ಹೊರಟಿರುವುದಿಲ್ಲ. ಅದು ತಪ್ಪಿದರೆ ಅಜ್ಜಿ ತಿದ್ದುತ್ತಾಳೆ. ಇಲ್ಲಿ ತಿದ್ದಬಲ್ಲವರನ್ನೇ ತಿದ್ದಲು ಹೊರಟಿದ್ದಾನೆ ಹುಡುಗ.

ಉದ್ದೇಶವಿಟ್ಟುಕೊಂಡು ಭಾಷೆ ಕಲಿಯುವುದೇ ಅನೈತಿಕ ಎಂದು ಕೆಲವರು ಹೇಳುತ್ತಾರೆ. ‘ಮಿಷನರಿ’ ಎಂಬ ಪದ ಬಂದ ಕೂಡಲೇ ನಮ್ಮ ಹಾಸ್ಟೆಲ್ ಮೆಸ್ಸಿನ ಮೇಜುಗಳಲ್ಲಿ ಚರ್ಚೆ ಆ ಕಡೆಗೇ ವಾಲುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಉದ್ದೇಶವಿಲ್ಲದೆ ಎರಡನೇ ಭಾಷೆ ಕಲಿತವರನ್ನು ನಾನು ನೋಡಿಲ್ಲ. ಸಾಲ ಬೇಕೇ ಎಂದು ಸಿಹಿಯಾದ ಕನ್ನಡದಲ್ಲಿ ಕರೆ ಮಾಡುವವರಿಗೂ ಉದ್ದೇಶವಿದೆ, ಪ್ರಶ್ನಾವಳಿ ಹಿಡಿದು ಹಾಡಿಗೆ ಹೋಗುವ ನಮ್ಮಂಥ ಸಂಶೋಧಕರಿಗೂ ಇದೆ. ಮಾರ್ಮನ್ ಹುಡುಗ ತನ್ನ ಉದ್ದೇಶವನ್ನು ಬಿಲ್ಲೆ ಮಾಡಿ ಎದೆಗೆ ಚುಚ್ಚಿಕೊಂಡಿರುತ್ತಾನೆ. ಅಷ್ಟು ಪ್ರಾಮಾಣಿಕತೆ ನಮ್ಮ ಸಂಶೋಧನಾ ಪ್ರಸ್ತಾವಗಳಲ್ಲೂ ಇರುವುದಿಲ್ಲ.

ಕಲಿಕೆಯ ಕ್ರಮ ಬೇರೆಯಾಗಿಯೂ ಇರಬಹುದಿತ್ತು ಎಂಬುದಕ್ಕೆ ಕೊರಿಯಾದ ಚರಿತ್ರೆಯಲ್ಲೇ ಸಾಕ್ಷಿ ಇದೆ. ಜಾನ್ ರಾಸ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ 1870ರ ದಶಕದಲ್ಲಿ ಮಂಚೂರಿಯಾದ ಮುಕ್ಡೆನ್‌ನಲ್ಲಿದ್ದರು, ಈಗಿನ ಶೆನ್‌ಯಾಂಗ್. ಕೊರಿಯಾದ ಬಾಗಿಲು ಆಗ ಪರದೇಶಿಗಳಿಗೆ ಮುಚ್ಚಿತ್ತು. ಅವರ ಜೊತೆ ಸೇರಿದವರ ತಲೆಯೂ ಉಳಿಯುವ ಖಾತ್ರಿಯಿರಲಿಲ್ಲ. ಗಡಿಯ ಸಂತೆಗೆ ಹೋದರೆ ಕುತೂಹಲದ ಮಾತು ಸಿಗುತ್ತಿತ್ತು, ಗುರು ಸಿಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಉಯ್ಜು ಊರಿನ ವ್ಯಾಪಾರಿ ಯಿ ಉಂಗ್‌ಚಾನ್. ಯಾಲು ನದಿಯಲ್ಲಿ ದೋಣಿ ಮಗುಚಿ ಸರಕೆಲ್ಲ ನೀರುಪಾಲಾಗಿ, ಬೇರೆ ದಾರಿಯಿಲ್ಲದೆ ಆತ ಪಾಠ ಹೇಳಲು ಒಪ್ಪಿದರಂತೆ. ಅವರು ಹೇಳಿಕೊಟ್ಟದ್ದರಿಂದ ರಾಸ್ 1877ರಲ್ಲಿ ಶಾಂಘೈಯಲ್ಲಿ ಒಂದು ಕೊರಿಯನ್ ಪಾಠಪುಸ್ತಕ ಅಚ್ಚು ಮಾಡಿಸಿದರು. ಅದರಲ್ಲಿ ಹೆಚ್ಚಾಗಿರುವುದು ದೇವರಲ್ಲ, ದಿನಬಳಕೆಯ ಮಾತುಕತೆ. ಕೊರಿಯನ್ ಬರಹದಲ್ಲಿ ಪದಪದದ ನಡುವೆ ಜಾಗ ಬಿಟ್ಟ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪರದೇಶಿಯ ಕಣ್ಣಿಗೆ ಅನುಕೂಲವಾಗಲೆಂದು ಬಿಟ್ಟ ಜಾಗ ಇರಬೇಕು. ಇಂದು ಇಡೀ ಕೊರಿಯಾ ಹಾಗೆಯೇ ಬರೆಯುತ್ತದೆ.

ಐದು ವರ್ಷದ ನಂತರ, 1882ರಲ್ಲಿ, ಕೊರಿಯನ್ ಸಹಾಯಕರ ಜೊತೆ ಮಾಡಿದ ಲೂಕನ ಸುವಾರ್ತೆ ಬಂತು. 1887ಕ್ಕೆ ಇಡೀ ಹೊಸ ಒಡಂಬಡಿಕೆ. ಸೋಲ್‌ಗೆ ಆಮೇಲೆ ಬಂದ ಮಿಷನರಿಗಳು ಆ ಭಾಷೆಯನ್ನು ನೋಡಿ ಮೂಗು ಮುರಿದರು, ತುಂಬ ಉತ್ತರದ ಸೊಗಡು ಎಂದು. ಇರಲೇಬೇಕಲ್ಲ. ಬೆಂಗಳೂರಿಗೆ ಬಂದ ಪರದೇಶಿಯ ಕನ್ನಡದಲ್ಲಿ ಬೀದರಿನ ದಾಟಿ ಕೇಳಿಸಿದರೆ ಅವನ ಗುರು ಎಲ್ಲಿಯವರು ಎಂದು ನಮಗೆ ತಕ್ಷಣ ಗೊತ್ತಾಗುವುದಿಲ್ಲವೇ? ಮುಳುಗಿದ ದೋಣಿಯ ವ್ಯಾಪಾರಿ ಆ ಪುಟಗಳಲ್ಲಿ ಹಾಗೆ ಉಳಿದುಕೊಂಡಿದ್ದಾರೆ. ರಾಸ್ ಅವರ ಉದ್ದೇಶ ಪ್ರೊವೊ ಹುಡುಗನದಕ್ಕಿಂತ ಬೇರೆಯೇನಲ್ಲ. ಆದರೆ ಅವರಿಗೆ ಬಾಯಿ ತೆರೆಯುವ ಮೊದಲು ಕಿವಿ ತೆರೆಯಬೇಕಾಯಿತು, ಒಬ್ಬ ಮನುಷ್ಯನ ಋಣಕ್ಕೆ ಬೀಳಬೇಕಾಯಿತು.

ಇನ್ನೊಂದು ಕಡೆ, ಕೊರಿಯನ್ ವ್ಯಾಕರಣ ತಾನಾಗಿಯೇ ಒಂದು ಪಾಠ ಮಾಡುತ್ತದೆ, ಯಾವ ತರಬೇತುದಾರನೂ ಯೋಜಿಸದ ಪಾಠ. ಕನ್ನಡದಂತೆ ಅಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. (ಈ ಹೋಲಿಕೆಗಳಿಗೆ ಮರುಳಾಗಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 20ನೆಯ ಶತಮಾನದ ಮೊದಲ ದಶಕದಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ.) ಆ ಕೊನೆಯ ಕ್ರಿಯಾಪದದ ತುದಿಯಲ್ಲಿ, ಎದುರಿಗಿರುವವರು ನಿಮಗಿಂತ ಹಿರಿಯರೋ ಕಿರಿಯರೋ, ಹತ್ತಿರದವರೋ ದೂರದವರೋ ಎಂದು ತೀರ್ಮಾನಿಸಲೇಬೇಕು. ನಮ್ಮ ‘ಬಾ’ ‘ಬನ್ನಿ’ಗಿಂತ ಅಲ್ಲಿ ಮೆಟ್ಟಿಲು ಹೆಚ್ಚು. ಹಿರಿಯರನ್ನು ‘ನೀವು’ ಎಂದು ಕರೆಯಲೂ ಅಲ್ಲಿ ಹಿಂಜರಿಕೆ. ಸಂಬಂಧ ಅಥವಾ ಪದವಿ ಹಿಡಿದೇ ಕರೆಯಬೇಕು. ನಾವು ದೇವರನ್ನೂ ಅಮ್ಮನನ್ನೂ ಏಕವಚನದಲ್ಲಿ ಕರೆಯುವವರು. ವಚನಕಾರರು ಕೂಡಲಸಂಗಮನೊಡನೆ ‘ನೀನು’ ಎಂದೇ ಜಗಳವಾಡಿದರು. ಕೊರಿಯನ್ ಪ್ರಾರ್ಥನೆಯಲ್ಲಿ ಆ ಸಲುಗೆಗೆ ದಾರಿಯಿಲ್ಲ. ಅಮೆರಿಕದ ಹುಡುಗನಿಗೆ ಹೆಚ್ಚಾಗಿ ಕಲಿಸುವುದು ಗೌರವದ ರೂಪಗಳನ್ನೇ. ಹೀಗಾಗಿ ಯಾರನ್ನು ತಿದ್ದಲು ಹೊರಟಿದ್ದಾನೋ ಅವರ ಮುಂದೆ ಅವನ ಪ್ರತಿ ವಾಕ್ಯವೂ ತಲೆಬಾಗಿ ಮುಗಿಯುತ್ತದೆ. ಬಾಗಿಲು ತೆರೆದ ಅಜ್ಜಿ ಮಾತ್ರ ಅವನ ಜೊತೆ ಏಕವಚನದಲ್ಲಿ ಮಾತಾಡುತ್ತಾಳೆ. ಬೈದಳೋ ಊಟಕ್ಕೆ ಕರೆದಳೋ ಅವನಿಗೆ ತಿಳಿಯುವುದಿಲ್ಲ.

ಹಲ್ಬರ್ಟ್ ಮೊದಲು ಬಂದದ್ದು 1886ರಲ್ಲಿ, ಇಂಗ್ಲಿಷ್ ಕಲಿಸಲು. ಆಮೇಲೆ ಮಿಷನರಿಯೂ ಆದರು. ಕೊರಿಯನ್ ಕಲಿತರು, ಹಂಗುಲ್‌ನಲ್ಲಿ ಭೂಗೋಳದ ಪಠ್ಯ ಬರೆದರು. 1907ರಲ್ಲಿ ಜಪಾನಿನ ಹಿಡಿತದ ವಿರುದ್ಧ ಕೊರಿಯಾದ ದೊರೆಯ ಪರವಾಗಿ ಹೇಗ್ ನಗರಕ್ಕೆ ಹೋದವರಲ್ಲಿ ಅವರೂ ಒಬ್ಬರು. 1949ರಲ್ಲಿ ತೀರಿಕೊಂಡಾಗ ಮಣ್ಣಾದದ್ದು ಸೋಲ್‌ನಲ್ಲೇ. ಭಾಷೆ ಕಲಿತವನನ್ನು ಭಾಷೆ ತನ್ನ ಕಡೆಗೆ ಎಳೆದುಕೊಳ್ಳುವುದಕ್ಕೆ ಕಾಲ ಬೇಕು. ಪ್ರೊವೊದಿಂದ ಹೋದವನಿಗೆ ಸಿಗುವುದು ಎರಡೇ ವರ್ಷ. ಅಜ್ಜಿಯ ಏಕವಚನ ಅರ್ಥವಾಗತೊಡಗುವ ಹೊತ್ತಿಗೆ ವಾಪಸ್ಸಿನ ಟಿಕೆಟ್ಟು ಬಂದಿರುತ್ತದೆ.

ಹಾಗೆ ವಾಪಸ್ಸು ಬಂದವರಲ್ಲಿ ಕೆಲವರು ಕಾಲೇಜು ಓದುತ್ತ ಅದೇ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾರೆ. ಅಲ್ಲಿನ ಶಿಕ್ಷಕರಲ್ಲಿ ಬಹುಪಾಲು ಇಂಥವರೇ. ಹೊಸಬರು ಬಂದ ಮೊದಲ ದಿನಗಳಲ್ಲೇ ಅಭ್ಯಾಸಕ್ಕಾಗಿ ಯಾರಿಗಾದರೂ ಕೊರಿಯನ್‌ನಲ್ಲಿ ಪಾಠ ಹೇಳಬೇಕಲ್ಲ, ಆಗ ಕೊರಿಯಾದವರಂತೆ ಎದುರು ಕೂತು ನಟಿಸುವುದು ಹೆಚ್ಚಾಗಿ ಈ ಶಿಕ್ಷಕರೇ. ಎಷ್ಟೋ ಸಲ ಅವರು ನಟಿಸುವುದು ತಾವು ಅಲ್ಲಿ ನಿಜಕ್ಕೂ ಭೇಟಿಯಾದ ಒಬ್ಬರನ್ನು. ಅವರ ಕೂರುವ ರೀತಿ, ಅವರ ಅನುಮಾನ, ಅವರು ಎತ್ತಿದ ಆಕ್ಷೇಪ. ಹುಡುಗ ಚೀಟಿ ನೋಡುತ್ತ ತನಗೆ ಗೊತ್ತು ಎನ್ನುತ್ತಾನೆ. ಎದುರಿಗಿದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊರಿಯನ್‌ನಲ್ಲಿ ಏನೋ ಕೇಳುತ್ತಾನೆ. ಎರಡು ವರ್ಷದ ಹಿಂದೆ, ಯಾವುದೋ ಊರಿನ ಮೂರನೇ ಮಹಡಿಯ ಬಾಗಿಲಲ್ಲಿ ನಿಂತು ತಾನು ಅರ್ಥವಾಗದೆ ನಕ್ಕುಬಿಟ್ಟ ಪ್ರಶ್ನೆಯೇ ಅದಾಗಿರಬಹುದು.