ಸಿಕ್ಕು ಬಿಡಿಸುವ ಕೈಗಳು



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ವಾಡಿ ಕಡೆಯ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಪಿಯುಸಿ ಮುಗಿಸಿದ ಹುಡುಗಿ ಬ್ಯೂಟಿ ಪಾರ್ಲರೊಂದರಲ್ಲಿ ಸಹಾಯಕಿಯಾಗಿ ಕೆಲಸ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. “ಮಂದಿ ತಲಿ ತೊಳಿಯೋ ಕೆಲಸಕ್ಕ ಮಗಳನ್ನ ಹ್ಯಾಂಗ ಕಳಿಸಲಿ ಫಾದರ್? ನೀವರೆ ಒಂದು ಮಾತು ಹೇಳ್ರಿ” ಎಂದರು. ನಾನೂ ಯೋಚಿಸದೆ, “ಕಂಪ್ಯೂಟರ್ ಕಲಿಯಮ್ಮ” ಎಂದುಬಿಟ್ಟೆ. ಆಕೆ ಮೆಲ್ಲಗೆ ಕೇಳಿದಳು: “ಯೇಸುಸ್ವಾಮಿ ಶಿಷ್ಯರ ಕಾಲು ತೊಳದಾರ. ನಾನು ತಲಿ ತೊಳದರ ತಪ್ಪೇನ್ರಿ ಫಾದರ್?” ದೈವಶಾಸ್ತ್ರ ಓದಿದ ನನ್ನ ಬಾಯಿ ಕಟ್ಟಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಸಿಮೆಂಟು ಕಾರ್ಖಾನೆಗೋ ಕಲ್ಲುಗಣಿಗೋ ಮಗ ಹೋದರೆ ನಮಗೆ ಅವಮಾನವಿಲ್ಲ. ಮಗಳು ಹಣಿಗೆ ಹಿಡಿದರೆ ಏಕೆ ಅವಮಾನ? ಕೂದಲು ಮುಟ್ಟುವವರನ್ನು ಕೀಳಾಗಿ ಕಂಡ ಜಾತಿಯ ಧೂಳು ಜ್ಞಾನಸ್ನಾನ ಪಡೆದ ನಮ್ಮ ಮನಸ್ಸಿನಲ್ಲೂ ಉಳಿದಿದೆ. ನಮ್ಮ ನೆರೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ತಮ್ಮ ಆಪ್ತರನ್ನಾಗಿ ಮಾಡಿಕೊಂಡಿದ್ದರು. ನಾವು ಇನ್ನೂ ಹಿಂದೆಯೇ ನಿಂತಿದ್ದೇವೆ!

ಆ ಹುಡುಗಿ ಕೊನೆಗೆ ಕೆಲಸಕ್ಕೆ ಸೇರಿದಳು. ಮೊದಲ ತಿಂಗಳುಗಳಲ್ಲಿ ಬಿದ್ದ ಕೂದಲು ಗುಡಿಸುವುದು, ಟವೆಲ್ ಒಗೆಯುವುದು, ಹಣಿಗೆ ತೊಳೆಯುವುದು, ಪಿನ್ನು ಕೈಗೆ ಕೊಡುವುದು. ಬಿಸಿನೀರನ್ನು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಂಡೇ ಇನ್ನೊಬ್ಬರ ತಲೆಗೆ ಬಿಡುವುದನ್ನು ಕಲಿತಳು. ಸುಣ್ಣಕಲ್ಲಿನ ಸೀಮೆಯ ನಮ್ಮ ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ. ಆದ್ದರಿಂದ ತಾಳ್ಮೆ ಬೇಕು. ಬೈತಲೆ ತೆಗೆದು ಕೂದಲನ್ನು ಭಾಗ ಮಾಡಿ ಕ್ಲಿಪ್ಪು ಹಾಕುವುದು, ಆಮೇಲೆ ಹೆರಳು, ತುರುಬು. ಸಿಕ್ಕನ್ನು ಬುಡದಿಂದ ಎಳೆಯಬಾರದು. ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಮೇಲೆ ಬರಬೇಕು. ಮನೆಯ ಜಗಳಗಳನ್ನೂ ನಾವು ಹೀಗೆ ಬಿಡಿಸಿದರೆ ಎಷ್ಟು ಕಣ್ಣೀರು ಉಳಿದೀತು!

ನಮ್ಮ ತಲೆಯ ಕೂದಲುಗಳೂ ಎಣಿಕೆಯಾಗಿವೆ ಎಂದು ಪ್ರಭು ಹೇಳಿದ್ದಾರೆ (ಮತ್ತಾಯ 10:30). ಪಿತನೇ ಎಣಿಸಿದ ಕೂದಲನ್ನು ಮುಟ್ಟುವ ಕೆಲಸ ಕೀಳಾದೀತೆ? ಫರಿಸಾಯ ಸಿಮೋನನ ಮನೆಯಲ್ಲಿ ಒಬ್ಬ ಸ್ತ್ರೀ ತನ್ನ ಕೂದಲಿನಿಂದಲೇ ಯೇಸುವಿನ ಪಾದಗಳನ್ನು ಒರೆಸಿದಳು (ಲೂಕ 7). ಮೂಗು ಮುರಿದವನು ಸಿಮೋನ. ಯೇಸು ಅವಳ ಸೇವೆಯನ್ನು ಸ್ವೀಕರಿಸಿದರು.

ಹೈಟಿಯಲ್ಲಿ ಗುಲಾಮರಾಗಿ ಹುಟ್ಟಿದ ಪಿಯರ್ ಟುಸೆಂಟ್ ಅವರನ್ನು ಯಜಮಾನರು 1787ರಲ್ಲಿ ನ್ಯೂಯಾರ್ಕ್‌ಗೆ ಕರೆತಂದು ಕೇಶಾಲಂಕಾರ ಕಲಿಯಲು ಹಚ್ಚಿದರು. ಸಿರಿವಂತ ಮಹಿಳೆಯರ ತಲೆ ಬಾಚಿ ಗಳಿಸಿದ ಹಣದಿಂದ ಅವರು ತಮ್ಮ ತಂಗಿಯ ಬಿಡುಗಡೆಯನ್ನು ಕೊಂಡರು, ಅನಾಥ ಮಕ್ಕಳನ್ನು ಸಾಕಿದರು. ದಿನವೂ ಬಲಿಪೂಜೆಗೆ ಹೋಗುತ್ತಿದ್ದರು. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯಲಿಲ್ಲ. 1853ರಲ್ಲಿ ತೀರಿಕೊಂಡ ಅವರನ್ನು 1996ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ‘ಪೂಜ್ಯ’ರೆಂದು ಸಾರಿದರು.

ಹೆರಳಿನ ಅಲಂಕಾರವನ್ನೇ ನೆಚ್ಚಬೇಡಿರೆಂದು ಸಂತ ಪೇತ್ರರು ಬರೆದಿಲ್ಲವೇ ಎಂದು ನೀವು ಕೇಳಬಹುದು (1 ಪೇತ್ರ 3:3). ಬರೆದಿದ್ದಾರೆ. ಅವರು ಎಚ್ಚರಿಸಿದ್ದು ಕನ್ನಡಿಯ ಮುಂದಿನ ಗರ್ವವನ್ನು. ಕುರ್ಚಿಯ ಹಿಂದೆ ನಿಂತು ದುಡಿಯುವ ಕೈಗಳನ್ನಲ್ಲ.

ತಂದೆ ತಾಯಂದಿರೇ, ಮಗಳು ಕೆಲಸ ಕಲಿಯುತ್ತೇನೆಂದರೆ ಮೊದಲು ಅಲ್ಲಿಗೆ ಹೋಗಿ ನೋಡಿರಿ. ಜಾಗ ಸುರಕ್ಷಿತವೋ, ಕಲಿಸುವವರು ಗೌರವ ಕೊಡುವರೋ, ದುಡಿಮೆಗೆ ತಕ್ಕ ಕೂಲಿ ಸಿಗುವುದೋ ಎಂದು ಕೇಳಿರಿ. ನಾಲ್ಕು ಮಂದಿ ಏನೆಂದಾರು ಎಂದು ಮಾತ್ರ ಕೇಳಬೇಡಿರಿ.

ಮೊನ್ನೆ ಆ ತಾಯಿ ಒಂದು ಸಂಗತಿ ಹೇಳಿದರು. ಹಾಸಿಗೆ ಹಿಡಿದಿದ್ದ ಅಜ್ಜಿಯ ಜಡೆಗಟ್ಟಿದ ತಲೆಯನ್ನು ಮಗಳು ಒಂದು ಮಧ್ಯಾಹ್ನವೆಲ್ಲ ಕುಳಿತು ಬಿಡಿಸಿ, ತೊಳೆದು, ಹೆರಳು ಹಾಕಿದಳಂತೆ. ನೀರು ಕಾಸಿ ತಂದುಕೊಟ್ಟವರು ಆ ತಂದೆಯೇ. ನಾನು ಕೊಟ್ಟ ಬುದ್ಧಿಮಾತನ್ನು ಅಂದೇ ಹಿಂದಕ್ಕೆ ತೆಗೆದುಕೊಂಡೆ.

ದುಡಿಯುವ ನಮ್ಮ ಹೆಣ್ಣುಮಕ್ಕಳ ಕೈಗಳನ್ನು ಪ್ರಭು ಆಶೀರ್ವದಿಸಲಿ.