ಕರ್ತೃವೂ ಕರಣವೂ

ಕೊಡಲಿಯು ಮರವನ್ನು ಕಡಿಯಿತೆಂದು ಲೋಕದಲ್ಲಿ ಆಡುವುದುಂಟು. ವೈಯಾಕರಣರು ಇದನ್ನು ತಪ್ಪೆನ್ನುವುದಿಲ್ಲ. ಕರಣವನ್ನು ಕರ್ತೃವೆಂದು ಹೇಳುವುದು ವಕ್ತೃವಿನ ವಿವಕ್ಷೆಗೆ ಸೇರಿದುದೆಂದು ಸಮಾಧಾನ ಹೇಳುತ್ತಾರೆ. ಆದರೆ ಕಡಿದುದಕ್ಕೆ ದಂಡ ತೆರಬೇಕಾದಾಗ ಕೊಡಲಿಯನ್ನು ಯಾರೂ ಚಾವಡಿಗೆ ಕರೆಯುವುದಿಲ್ಲ. ಸ್ವತಂತ್ರನಾದವನು ಯಾರೆಂಬುದು ಅಲ್ಲಿ ಸುಲಭವಾಗಿ ತಿಳಿಯುತ್ತದೆ. ತಾನೇ ನೋಡಿ, ತಾನೇ ಊಹಿಸಿ, ತಾನೇ ಬ್ರೇಕು ಹಾಕುವ ಈಗಿನ ಮೋಟಾರು ಗಾಡಿಯ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ.

2018ನೆಯ ಇಸವಿ ಮಾರ್ಚಿ 18ರ ರಾತ್ರಿ ಅಮೆರಿಕದ ಅರಿಜೋನಾ ಸಂಸ್ಥಾನದ ಟೆಂಪಿ ಪಟ್ಟಣದಲ್ಲಿ ಊಬರ್ ಕಂಪೆನಿಯವರು ಪರೀಕ್ಷಿಸುತ್ತಿದ್ದ ಇಂಥದೊಂದು ಗಾಡಿಯು, ಬೈಸಿಕಲ್ಲನ್ನು ತಳ್ಳಿಕೊಂಡು ರಸ್ತೆಯನ್ನು ದಾಟುತ್ತಿದ್ದ ಹೆಂಗಸೊಬ್ಬಳಿಗೆ ಬಡಿಯಿತು, ಆಕೆ ಮೃತಳಾದಳು. ಗಾಡಿಯು ಆಕೆಯನ್ನು ಕಾಣಲಿಲ್ಲವೆಂದಲ್ಲ. ಬಡಿಯುವುದಕ್ಕೆ 5.6 ಸೆಕೆಂಡು ಮೊದಲೇ ಕಂಡಿತ್ತು. ಕಂಡುದನ್ನು ಒಮ್ಮೆ ವಾಹನವೆಂದು, ಒಮ್ಮೆ ಏನೋ ಒಂದು ವಸ್ತುವೆಂದು, ಮತ್ತೊಮ್ಮೆ ಬೈಸಿಕಲ್ಲೆಂದು ಎಣಿಸಿತು. ಹೆಸರು ಬದಲಾದಾಗಲೆಲ್ಲ ಹಿಂದಿನ ಚಲನೆಯ ನೆನಪನ್ನು ಕೈಬಿಟ್ಟಿತು. ದಾಟುವ ಗುರುತಿಲ್ಲದೆಡೆಯಲ್ಲಿಯೂ ಮನುಷ್ಯರು ರಸ್ತೆಗೆ ಇಳಿಯಬಹುದೆಂಬ ಎಣಿಕೆ ಅದರ ರಚನೆಯಲ್ಲಿ ಸೇರಿಯೇ ಇರಲಿಲ್ಲ. ಮನುಷ್ಯನ ಕಾಲು ಬಿಳಿಯ ಗೆರೆಯನ್ನು ಕೇಳಿ ನಡೆಯುವುದೆಂದು ನಂಬಿದವರು ಯಾವ ಪೇಟೆಯನ್ನು ಕಂಡಿದ್ದರೋ!

ಹುಸಿ ಶಂಕೆಗೆಲ್ಲ ಗಾಡಿಯು ತಟಕ್ಕನೆ ನಿಲ್ಲಬಾರದೆಂದು, ಅಪಾಯವು ತೋರಿದ ಮೇಲೂ ಒಂದು ಸೆಕೆಂಡು ತಡೆಯುವಂತೆ ಏರ್ಪಡಿಸಿದ್ದರು. ವೋಲ್ವೋ ಗಾಡಿಯಲ್ಲಿ ಮೊದಲಿನಿಂದಲೇ ಇದ್ದ ತುರ್ತು ಬ್ರೇಕು, ಕಂಪ್ಯೂಟರು ನಡೆಸುವಾಗ ಕೆಲಸ ಮಾಡದಂತೆ ಮಾಡಿದ್ದರು. ಇವುಗಳಲ್ಲಿ ಒಂದೊಂದಕ್ಕೂ ಯುಕ್ತಿಯುಂಟು. ಕಾರಣವಿಲ್ಲದೆ ನಡುದಾರಿಯಲ್ಲಿ ನಿಂತ ಗಾಡಿಗೆ ಹಿಂದಿನ ಗಾಡಿ ಬಡಿದೀತು. ಒಂದು ರಥಕ್ಕೆ ಇಬ್ಬರು ಸಾರಥಿಗಳು ಕೂಡದು. ಆದರೆ ಯುಕ್ತವೆಂದು ತೋರಿದ ನಿರ್ಧಾರಗಳೇ ಒಂದರ ಮೇಲೊಂದು ಕೂಡಿ, ಉಳಿದ ಭಾರವೆಲ್ಲ ಆಸನದಲ್ಲಿ ಸುಮ್ಮನೆ ಕುಳಿತಿದ್ದ ಮೇಲ್ವಿಚಾರಕಿಯ ಕಣ್ಣಿನ ಮೇಲೆ ಬಿದ್ದಿತು. ಮೊದಲು ಆ ಕೆಲಸಕ್ಕೆ ಇಬ್ಬರಿದ್ದರು. 2017ರಲ್ಲಿ ಒಬ್ಬರಿಗೆ ಇಳಿಸಿದ್ದರು. ಆ ರಾತ್ರಿ ಆಕೆಯ ದೃಷ್ಟಿ ಫೋನಿನ ಕಡೆಗಿತ್ತು.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಆಕೆಯ ಅಲಕ್ಷ್ಯವನ್ನು ಮುಖ್ಯ ಕಾರಣವೆಂದೂ, ಕಂಪೆನಿಯ ಸುರಕ್ಷತಾ ವ್ಯವಸ್ಥೆಯ ಕೊರತೆಯನ್ನು ಸಹಕಾರಿ ಕಾರಣಗಳಲ್ಲಿ ಒಂದೆಂದೂ ಹೇಳಿತು. ಕಂಪೆನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಆಕೆ ಮಾತ್ರ 2023ರಲ್ಲಿ ತಪ್ಪೊಪ್ಪಿಕೊಂಡು, ಸೆರೆಮನೆಯ ಬದಲು ಮೂರು ವರ್ಷ ಸರಕಾರದ ನಿಗಾದಲ್ಲಿರುವ ಶಿಕ್ಷೆಗೆ ಒಳಗಾದಳು.

ಆಕೆಯನ್ನು ನಿರ್ದೋಷಿಯೆನ್ನಲಾಗದು. ಆದರೂ, ನಂಬಿಕೆ ಬೆಳೆದಷ್ಟೂ ಎಚ್ಚರವು ಕುಗ್ಗುವುದು ಮನಸ್ಸಿನ ಸ್ವಭಾವ. ಏನೂ ಮಾಡದೆ ಗಂಟೆಗಟ್ಟಲೆ ಎಚ್ಚತ್ತಿರುವುದು ತಪಸ್ವಿಗಳಿಗೂ ಕಷ್ಟವಾದುದು. ಒಂದು ಸೆಕೆಂಡಿನ ತಡೆಯನ್ನು ಬಗೆದವರಿಗೆ ವಿಚಾರಮಾಡಲು ವಿರಾಮವಿತ್ತು, ಬೇರೆ ದಾರಿಗಳೂ ಇದ್ದುವು. ಕ್ಷಣಮಾತ್ರ ದೊರೆತ ಆಕೆಗಿಂತ ಅವರೇ ಹೆಚ್ಚು ಸ್ವತಂತ್ರರಾಗಿದ್ದರೆಂಬುದನ್ನು ಅಲ್ಲಗಳೆಯುವುದು ಹೇಗೆ? 2018ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಯು ಮರಳಿ ಆರಂಭವಾದಾಗ ಗಾಡಿಯೊಳಗೆ ಇಬ್ಬರು ಕುಳಿತಿದ್ದರು. ವೋಲ್ವೋದ ಬ್ರೇಕನ್ನು ಅದರ ಪಾಡಿಗೆ ಕೆಲಸಮಾಡಲು ಬಿಟ್ಟಿದ್ದರು.